ಸೋತ ಪದಗಳ ಪಟ್ಟಿ

ಡೇವಿಡ್ ಬ್ಲೇರ್ ಮತ್ತು ಎಂ.ಇ. ಮ್ಯಾರನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಹುಡುಕಾಟದ ವಿಜ್ಞಾನದಲ್ಲಿ ಇಂದಿಗೂ ಚರ್ಚೆಗೆ ಬರುತ್ತದೆ. ಪ್ರಯೋಗಕ್ಕೆ ಆರಿಸಿಕೊಂಡದ್ದು ದೊಡ್ಡ ಕಂಪನಿಯೊಂದರ ಮೊಕದ್ದಮೆಯನ್ನು. ಸಂಬಂಧಪಟ್ಟ ಸುಮಾರು 40,000 ದಾಖಲೆಗಳನ್ನು, ಅಂದರೆ ಹೆಚ್ಚುಕಡಿಮೆ ಮೂರೂವರೆ ಲಕ್ಷ ಪುಟಗಳನ್ನು, ಅಕ್ಷರಕ್ಷರವೂ ಬಿಡದಂತೆ ಐಬಿಎಂನ ಸ್ಟೇರ್ಸ್ ಎಂಬ ತಂತ್ರಾಂಶಕ್ಕೆ ತುಂಬಿದ್ದರು. ಯಾವ ಪದ ಕೊಟ್ಟರೂ ಅದಿರುವ ಕಾಗದಗಳನ್ನೆಲ್ಲ ಯಂತ್ರ ಹೆಕ್ಕಿ ಕೊಡುತ್ತಿತ್ತು. ಸಂಬಂಧಪಟ್ಟ ದಾಖಲೆಗಳಲ್ಲಿ ಮುಕ್ಕಾಲು ಪಾಲಾದರೂ ಕೈಗೆ ಬರಬೇಕು ಎಂಬುದು ವಕೀಲರ ಷರತ್ತು. ನುರಿತ ಸಹಾಯಕರು ಪದ ಬದಲಿಸಿ, ಮತ್ತೆ ಬದಲಿಸಿ ಹುಡುಕಿದರು. ವಕೀಲರು ಸಾಕು ಎನ್ನುವವರೆಗೂ ಹುಡುಕಾಟ ನಡೆಯಿತು. ಆಮೇಲೆ ಬ್ಲೇರ್ ಮತ್ತು ಮ್ಯಾರನ್ ಸಿಗದೆ ಉಳಿದ ರಾಶಿಯಿಂದ ಮಾದರಿಗಳನ್ನು ತೆಗೆದು ಲೆಕ್ಕ ಹಾಕಿದಾಗ, ನಿಜವಾಗಿ ಸಿಕ್ಕಿದ್ದು ಸರಾಸರಿ ಐದರಲ್ಲಿ ಒಂದು ಪಾಲು ಮಾತ್ರ ಎಂದು ತಿಳಿಯಿತು. ಕಾರಣ ಸರಳ. ನಡೆದ ಅವಘಡವನ್ನು ಒಂದು ಕಡೆಯವರು ‘ಅಪಘಾತ’ ಎಂದೇ ಬರೆದಿದ್ದರು. ಇನ್ನೊಂದು ಕಡೆಯವರ ಪತ್ರಗಳಲ್ಲಿ ಅದೇ ಸಂಗತಿ ‘ದುರದೃಷ್ಟಕರ ಪರಿಸ್ಥಿತಿ’ಯಾಗಿತ್ತು. ಇನ್ನು ಕೆಲವರು ‘ಘಟನೆ’, ‘ಸಮಸ್ಯೆ’ ಎಂದಿದ್ದರು. ಹೆಸರನ್ನೇ ಎತ್ತದೆ ‘ಕಳೆದ ಪತ್ರದಲ್ಲಿ ತಿಳಿಸಿದ ವಿಷಯ’ ಎಂದು ಜಾರಿಕೊಂಡವರೂ ಇರುತ್ತಾರಲ್ಲ!

ಜನ ಒಂದೇ ವಸ್ತುವಿಗೆ ಬೇರೆಬೇರೆ ಹೆಸರಿಡುವುದು ಅವರ ಅಶಿಸ್ತಿನಿಂದಲ್ಲ ಎಂಬುದು ಈ ಪ್ರಯೋಗದಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ. ಹೆಸರಿಡುವವರ ಊರು, ಕಾಲ, ಕಸುಬು ಮತ್ತು ಸ್ವಾರ್ಥ, ಇವೆಲ್ಲ ಆ ಹೆಸರಿನಲ್ಲಿ ಸೇರಿರುತ್ತವೆ. ಎರಡು ವರ್ಷಗಳ ನಂತರ, 1987ರಲ್ಲಿ, ಜಾರ್ಜ್ ಫರ್ನಸ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಅಡುಗೆ ವಿಧಾನಗಳು, ದಿನಬಳಕೆಯ ವಸ್ತುಗಳು, ಕಂಪ್ಯೂಟರಿಗೆ ಕೊಡುವ ಆದೇಶಗಳು, ಹೀಗೆ ನಾನಾ ಬಗೆಯವಕ್ಕೆ ಹೆಸರು ಸೂಚಿಸಿ ಎಂದು ಜನರನ್ನು ಕೇಳಿದಾಗ, ಯಾರೋ ಇಬ್ಬರು ಒಂದೇ ಪದ ಆರಿಸುವ ಸಂಭವ ಶೇಕಡಾ 20ನ್ನೂ ಮುಟ್ಟಲಿಲ್ಲ. ಎಷ್ಟೇ ಎಚ್ಚರದಿಂದ ಆರಿಸಿದ ಹೆಸರಾದರೂ, ಅದೊಂದನ್ನೇ ನೆಚ್ಚಿಕೊಂಡರೆ ಹತ್ತರಲ್ಲಿ ಎಂಟೋ ಒಂಬತ್ತೋ ಬಾರಿ ಹುಡುಕುವವರು ಬರಿಗೈಯಲ್ಲಿ ಮರಳುತ್ತಾರೆ ಎಂದು ಅವರು ತೋರಿಸಿದರು. ಅವರು ಸೂಚಿಸಿದ ಪರಿಹಾರ ಇನ್ನೂ ಒಳ್ಳೆಯ ಹೆಸರನ್ನು ಹುಡುಕುವುದಲ್ಲ. ಜನ ಬಳಸುವ ಹೆಸರುಗಳನ್ನೆಲ್ಲ ಒಂದೇ ವಸ್ತುವಿಗೆ ಕಟ್ಟಿಡಬೇಕು ಎಂಬುದು ಅವರ ಸಲಹೆ. ಗ್ರಂಥಾಲಯಗಳು ಈ ಕೆಲಸ ಮಾಡುವುದು ವಿಷಯ ಶೀರ್ಷಿಕೆಗಳಿಂದ, ಅಂದರೆ ಒಂದು ವಿಷಯದ ಪುಸ್ತಕಗಳನ್ನೆಲ್ಲ ಸೇರಿಸಲು ಗೊತ್ತುಮಾಡಿದ ಹೆಸರುಗಳಿಂದ. ಅವುಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಶೀರ್ಷಿಕೆಯಾಗಿ ಗೆದ್ದ ಪದವನ್ನೇ ನೋಡುತ್ತೇವೆ. ಅದು ಸರಿಯೇ, ನ್ಯಾಯವೇ, ಸೊಗಸಾಗಿದೆಯೇ ಎಂದು ಜಗಳವಾಡುತ್ತೇವೆ. ನನ್ನ ಮಟ್ಟಿಗೆ ಆ ವ್ಯವಸ್ಥೆಯ ಜೀವ ಇರುವುದು ಸೋತ ಪದಗಳಲ್ಲಿ. ಯಾವುದನ್ನು ಬಿಟ್ಟೆವು, ಬಿಟ್ಟದ್ದರಿಂದ ಆರಿಸಿದ್ದಕ್ಕೆ ದಾರಿ ಹೇಗೆ ಹಾಕಿದೆವು ಎಂಬ ದಾಖಲೆಯೇ ಶೀರ್ಷಿಕೆ ಪಟ್ಟಿಯ ನಿಜವಾದ ಆಸ್ತಿ.

ಇದನ್ನು ಮೊದಲು ನಿಯಮಬದ್ಧವಾಗಿ ಬರೆದಿಟ್ಟವರಲ್ಲಿ ಪ್ರಮುಖ ಚಾರ್ಲ್ಸ್ ಆಮ್ಮಿ ಕಟ್ಟರ್. ಬಾಸ್ಟನ್ ಅಥೀನಿಯಂ ಗ್ರಂಥಾಲಯದಲ್ಲಿದ್ದ ಆತ 1876ರಲ್ಲಿ ನಿಘಂಟಿನ ಕ್ರಮದ ಕ್ಯಾಟಲಾಗಿಗೆ ನಿಯಮಗಳನ್ನು ಪ್ರಕಟಿಸಿದ. ಬೆಕ್ಕಿನ ಬಗ್ಗೆ ಬರೆದ ಪುಸ್ತಕವನ್ನು ‘ಬೆಕ್ಕು’ ಎಂಬಲ್ಲೇ ನಮೂದಿಸಬೇಕು, ಪ್ರಾಣಿಶಾಸ್ತ್ರ ಎಂದೋ ಸಸ್ತನಿಗಳು ಎಂದೋ ಸಾಕುಪ್ರಾಣಿ ಎಂದೋ ಅಲ್ಲ ಎಂಬುದು ಅವನ ಪ್ರಸಿದ್ಧ ಸೂತ್ರ. ಅದಕ್ಕಿಂತ ಕಡಿಮೆ ನೆನಪಾಗುವ ಇನ್ನೊಂದು ಸೂತ್ರವಿದೆ: ಸಮಾನಾರ್ಥಕಗಳಲ್ಲಿ ಒಂದನ್ನು ಆರಿಸು, ಉಳಿದವುಗಳಿಂದ ಅದಕ್ಕೆ ‘ನೋಡಿ’ ಎಂಬ ಚೀಟಿ ಹಾಕು. ಕ್ಯಾಟಲಾಗ್ ಡ್ರಾಯರ್‌ಗಳ ಕಾಲದಲ್ಲಿ ಈ ‘ನೋಡಿ’ ಕಾರ್ಡುಗಳಲ್ಲಿ ಪುಸ್ತಕದ ಹೆಸರೇ ಇರುತ್ತಿರಲಿಲ್ಲ. ಓದುಗ ತಪ್ಪು ಬಾಗಿಲು ತಟ್ಟಿದರೆ ಸರಿಯಾದ ಬಾಗಿಲು ತೋರಿಸಲೆಂದೇ ಅವು ಅಲ್ಲಿರುತ್ತಿದ್ದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಲ್ಲಿ ಮುದ್ರಿತ ಕಾರ್ಡುಗಳನ್ನು ಇತರ ಗ್ರಂಥಾಲಯಗಳಿಗೆ ಮಾರತೊಡಗಿತು. ಕಾರ್ಡಿನ ಜೊತೆಗೆ ಅದರ ಮೇಲಿನ ವಿಷಯ ಶೀರ್ಷಿಕೆಯೂ ಊರೂರಿಗೆ ಹೋಯಿತು. 1909ರಿಂದ 1914ರವರೆಗೆ ಕಂತುಗಳಲ್ಲಿ ಅಚ್ಚಾದ ಆ ಶೀರ್ಷಿಕೆಗಳ ಪಟ್ಟಿ ಹೀಗೆ, ಬಹುಮಟ್ಟಿಗೆ ಕಾರ್ಡು ವ್ಯಾಪಾರದ ಬಲದಿಂದ, ಜಗತ್ತಿನ ಅತಿ ದೊಡ್ಡ ಶೀರ್ಷಿಕೆ ಪಟ್ಟಿಯಾಗಿ ಬೆಳೆಯಿತು. ಸಣ್ಣ ಗ್ರಂಥಾಲಯಗಳಿಗೆಂದು ಮಿನ್ನಿ ಅರ್ಲ್ ಸಿಯರ್ಸ್ 1923ರಲ್ಲಿ ಸರಳ ಪಟ್ಟಿಯೊಂದನ್ನು ತಂದರು. ನಮ್ಮ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸ ಮಾಡುವುದು ಹೆಚ್ಚಾಗಿ ಅದರಲ್ಲೇ.

ಇಂಥ ‘ನೋಡಿ’ ದಾರಿಗಳ ಅಗತ್ಯ ಕನ್ನಡದಲ್ಲೇ ಹೇಗೆ ಎದುರಾಗುತ್ತದೆ ಎಂಬುದಕ್ಕೆ ಜೋಳಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಧಾರವಾಡ, ವಿಜಯಪುರ, ಕಲಬುರಗಿಯಲ್ಲಿ ಜೋಳ ಎಂದರೆ ರೊಟ್ಟಿ ಬಡಿಯುವ ಬಿಳಿಜೋಳ. ಬೆಂಗಳೂರಿನ ಬೀದಿಬದಿಯಲ್ಲಿ ಜೋಳ ಎಂದರೆ ಕೆಂಡದ ಮೇಲೆ ಸುಟ್ಟು ಉಪ್ಪು ಖಾರ ಸವರಿ ಕೊಡುವ ತೆನೆ. ಆ ತೆನೆಗೆ ಒಂದು ಸೀಮೆಯಲ್ಲಿ ಮುಸುಕಿನ ಜೋಳ, ಇನ್ನೊಂದರಲ್ಲಿ ಗೋವಿನ ಜೋಳ, ಮತ್ತೊಂದರಲ್ಲಿ ಮೆಕ್ಕೆಜೋಳ ಎಂದು ಹೆಸರು. ಇಲ್ಲಿ ಎರಡು ತೊಡಕುಗಳು ಹೆಣೆದುಕೊಂಡಿವೆ: ಒಂದು ಹೆಸರಿಗೆ ಎರಡು ಬೆಳೆ, ಒಂದು ಬೆಳೆಗೆ ಮೂರು ಹೆಸರು. ಡ್ಯೂಯಿ ವರ್ಗೀಕರಣ ಒಂದಕ್ಕೆ 633.15, ಇನ್ನೊಂದಕ್ಕೆ 633.174 ಎಂದು ಅಂಕಿ ಕೊಟ್ಟು ಕಪಾಟಿನಲ್ಲಿ ಅವನ್ನು ಬೇರೆಮಾಡುತ್ತದೆ, ನಿಜ. ಆದರೆ ಅಂಕಿಯನ್ನು ತಲೆಯಲ್ಲಿ ಹೊತ್ತು ಗ್ರಂಥಾಲಯಕ್ಕೆ ಬರುವ ಓದುಗನಿಲ್ಲ. ಅವನು ತರುವುದು ತನ್ನೂರಿನ ಪದವನ್ನು. ಹಾಗಾಗಿ ಪಟ್ಟಿ ಮಾಡುವವರು ಒಂದು ಬೆಳೆಗೆ ‘ಮೆಕ್ಕೆಜೋಳ’ ಎಂದೂ ಇನ್ನೊಂದಕ್ಕೆ ‘ಬಿಳಿಜೋಳ’ ಎಂದೂ ಗೊತ್ತುಮಾಡಿ, ಮುಸುಕಿನ ಜೋಳ ಮತ್ತು ಗೋವಿನ ಜೋಳದಿಂದ ಮೊದಲನೆಯದಕ್ಕೆ ದಾರಿ ಹಾಕಬೇಕು. ಬರಿಯ ‘ಜೋಳ’ ಎಂದವನಿಗೆ ಎರಡನ್ನೂ ತೋರಿಸಿ ಯಾವುದು ಬೇಕೆಂದು ಕೇಳಬೇಕು. ‘ಮೆಕ್ಕೆಜೋಳ’ ಗೆದ್ದದ್ದಕ್ಕೆ ದಾವಣಗೆರೆಯವರು ಹಿಗ್ಗುವುದೂ ಬೇಡ, ಮಂಡ್ಯದವರು ಮುನಿಯುವುದೂ ಬೇಡ. ದಾರಿಗಳು ಪೂರ್ತಿ ಇದ್ದರೆ ಯಾವುದು ಗೆದ್ದರೂ ಓದುಗನಿಗೆ ನಷ್ಟವಿಲ್ಲ.

ಇಷ್ಟು ಚೊಕ್ಕವಾಗಿ ನಡೆಯುತ್ತಿರುವ ಪಟ್ಟಿ ಇದೆಯೇ ಎಂದರೆ, ಇದೆ, ವೈದ್ಯಕೀಯದಲ್ಲಿ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಲ್ಲಿ ‘ಮೆಶ್’ ಎಂದು ಕರೆಯುವ ವೈದ್ಯಕೀಯ ಶೀರ್ಷಿಕೆಗಳ ಪಟ್ಟಿಯನ್ನು ಹೊರತಂದಿತು. ಇಂದು ಅದರಲ್ಲಿ ಸುಮಾರು 30,000 ಮುಖ್ಯ ಪದಗಳಿವೆ, ಅವುಗಳಿಗೆ ದಾರಿ ತೋರುವ ಪದಗಳು ಅದರ ಎಷ್ಟೋ ಪಟ್ಟು. ಪಬ್‌ಮೆಡ್ ಎಂಬ ಉಚಿತ ಜಾಲತಾಣದಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ಅಲ್ಲಿ ‘ಹಾರ್ಟ್ ಅಟ್ಯಾಕ್’ ಎಂದು ಟೈಪಿಸಿದರೆ, ಅದು ಮೆಶ್ ಪಟ್ಟಿಯಲ್ಲಿ ಸೋತ ಪದವೆಂದು ಗುರುತಿಸಿ, ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬ ಗೆದ್ದ ಪದದಡಿ ಇರುವುದನ್ನೂ ವ್ಯವಸ್ಥೆ ತಾನೇ ಹುಡುಕಿ ತರುತ್ತದೆ. ಹುಡುಕಿದವನಿಗೆ ಈ ಅದಲುಬದಲು ಗೊತ್ತೂ ಆಗುವುದಿಲ್ಲ. ಪದಗಳನ್ನು ಮರದಂತೆ ಕವಲುಕವಲಾಗಿ ಜೋಡಿಸಿರುವುದರಿಂದ ‘ಹೃದಯ ಮತ್ತು ರಕ್ತನಾಳಗಳ ಕಾಯಿಲೆ’ ಎಂದು ಕೇಳಿದವನಿಗೆ ಕೆಳಗಿನ ಕವಲುಗಳಲ್ಲಿರುವ ಒಂದೊಂದು ಕಾಯಿಲೆಯ ಲೇಖನಗಳೂ ಬರುತ್ತವೆ, ಆ ಲೇಖನಗಳಲ್ಲಿ ಅವನು ಕೊಟ್ಟ ಪದ ಒಮ್ಮೆಯೂ ಬರದಿದ್ದರೂ.

ಪದಗಳಿಗೆ ಕಾಲವೂ ಒಂದು ತೊಡಕು ಎಂಬುದನ್ನು ಕೋವಿಡ್ ಎಲ್ಲರ ಕಣ್ಣೆದುರೇ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ ‘ಕೋವಿಡ್-19’ ಎಂದು ಹೆಸರಿಟ್ಟದ್ದು 2020ರ ಫೆಬ್ರುವರಿ 11ರಂದು. ವುಹಾನಿನ ರೋಗಿಗಳ ಲಕ್ಷಣಗಳನ್ನು ಮೊದಲು ವಿವರಿಸಿದ ಪ್ರಮುಖ ಲೇಖನ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದದ್ದು ಜನವರಿ 24ರಂದು. ಅದರಲ್ಲಿ ಕೋವಿಡ್ ಎಂಬ ಪದ ಇರಲು ಸಾಧ್ಯವೇ ಇರಲಿಲ್ಲ, ‘2019ರ ಹೊಸ ಕೊರೊನಾವೈರಸ್’ ಎಂದಷ್ಟೇ ಇತ್ತು. ಪಠ್ಯದಲ್ಲಿ ಇರುವ ಅಕ್ಷರಗಳನ್ನೇ ನೆಚ್ಚಿದ ಹುಡುಕಾಟಕ್ಕೆ ಒಂದು ವಿಷಯದ ಆರಂಭದ ದಾಖಲೆಗಳೇ, ಅಂದರೆ ಇತಿಹಾಸಕಾರನಿಗೆ ಅತಿ ಅಮೂಲ್ಯವಾದವೇ, ತಪ್ಪಿಹೋಗುತ್ತವೆ. 1915ರಲ್ಲಿ ಯುದ್ಧದ ಬಗ್ಗೆ ಬರೆದವನು ಅದನ್ನು ‘ಮೊದಲನೆಯ’ ಮಹಾಯುದ್ಧ ಎಂದು ಹೇಗೆ ಬರೆದಾನು? ಆ ಯುದ್ಧದ ಹೆಸರು ಗ್ರಂಥಾಲಯದ ಪಟ್ಟಿಗಳಲ್ಲೂ ದಶಕಗಳ ಕಾಲ ‘ಯುರೋಪಿನ ಯುದ್ಧ’ವೆಂದೇ ಇದ್ದು ಆಮೇಲೆ ಬದಲಾಯಿತು. ಪಟ್ಟಿಯಲ್ಲಿ ಒಂದೆಡೆ ಬದಲಾಯಿಸಿದರೆ ಸಾಕು, ಹಳೆಯ ಪುಸ್ತಕಗಳೆಲ್ಲ ಹೊಸ ಹೆಸರಿನಡಿ ಬಂದು ಸೇರುತ್ತವೆ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿ. 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಶೀರ್ಷಿಕೆ ಕೊಡುವುದು ಆಯಾ ಗುಮಾಸ್ತನ ಮರ್ಜಿಯಾಗಬಾರದು ಎಂಬುದು ಅವರ ಹಟ. ಅದಕ್ಕೆ ಅವರು ಕಂಡುಕೊಂಡ ದಾರಿ ‘ಸರಪಳಿ ವಿಧಾನ’. ಬಿಳಿಜೋಳದ ಕಾಡಿಗೆ ರೋಗದ ಪುಸ್ತಕವೊಂದಿದೆ ಎಂದುಕೊಳ್ಳಿ. ವರ್ಗೀಕರಣದಲ್ಲಿ ಅದು ಕೃಷಿ, ಧಾನ್ಯ, ಬಿಳಿಜೋಳ, ರೋಗ, ಕಾಡಿಗೆ ರೋಗ ಎಂಬ ಕೊಂಡಿಗಳ ಸರಪಳಿ. ಕೊನೆಯ ಕೊಂಡಿಯಿಂದ ಹಿಂದಕ್ಕೆ ನಡೆಯುತ್ತ ಒಂದೊಂದಕ್ಕೂ ಸೂಚಿಯಲ್ಲಿ ಒಂದು ನಮೂದು ಕೊಟ್ಟರೆ ಓದುಗ ಯಾವ ತುದಿಯಿಂದ ಹಿಡಿದರೂ ಪುಸ್ತಕ ಸಿಗುತ್ತದೆ, ಯಾವ ನಮೂದು ಬೇಕು ಎಂಬುದು ಯಾರ ಇಷ್ಟಕ್ಕೂ ಬಿಟ್ಟ ವಿಷಯವಾಗುವುದಿಲ್ಲ. ಬ್ರಿಟಿಷ್ ನ್ಯಾಷನಲ್ ಬಿಬ್ಲಿಯಾಗ್ರಫಿ 1950ರಿಂದ ಸುಮಾರು ಎರಡು ದಶಕ ಈ ವಿಧಾನದಲ್ಲೇ ತನ್ನ ವಿಷಯ ಸೂಚಿಯನ್ನು ಸಿದ್ಧಪಡಿಸಿತು. ವಸಾಹತಿನ ಗ್ರಂಥಪಾಲಕನೊಬ್ಬನ ವಿಧಾನ ಲಂಡನ್ನಿನ ರಾಷ್ಟ್ರೀಯ ಸೂಚಿಯ ಬೆನ್ನೆಲುಬಾದದ್ದು ಸಣ್ಣ ಸಂಗತಿಯಲ್ಲ. ಆದರೂ ಒಂದು ಮಿತಿಯನ್ನು ಹೇಳಲೇಬೇಕು. ಸರಪಳಿ ವಿಧಾನ ಪದಗಳ ಕ್ರಮದಲ್ಲಿನ ಮರ್ಜಿಯನ್ನು ತೆಗೆಯಿತು, ಕೊಂಡಿಗಳಿಗೆ ಹೆಸರಿಡುವಲ್ಲಿನ ಮರ್ಜಿಯನ್ನು ತೆಗೆಯಲಿಲ್ಲ. ಒಂದೊಂದು ಕೊಂಡಿಗೂ ಜನ ಬಳಸುವ ಬೇರೆ ಹೆಸರುಗಳನ್ನು ಯಾರಾದರೂ ಕೂತು ಸೇರಿಸಲೇಬೇಕಿತ್ತು. ಗಣಿತ ಮಾಡಿಕೊಡಲಾಗದ ಕೆಲಸ ಅದು.

ಇನ್ನು ಇಂಥ ಪಟ್ಟಿಗಳ ಬಗೆಗಿನ ಆಕ್ಷೇಪಗಳು. ಮೊದಲನೆಯದು ಪ್ರಯೋಗಾಲಯದಿಂದಲೇ ಬಂದದ್ದು, ಹಾಗಾಗಿ ಎಲ್ಲಕ್ಕಿಂತ ಬಲವಾದದ್ದು. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನ ವಿಮಾನ ವಿಜ್ಞಾನ ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದ ಸಿರಿಲ್ ಕ್ಲೆವರ್ಡನ್ 1950ರ ದಶಕದ ಕೊನೆಯಿಂದ 1966ರವರೆಗೆ ಎರಡು ಸುತ್ತಿನ ಪ್ರಯೋಗ ನಡೆಸಿದರು. ಮೊದಲ ಸುತ್ತಿನಲ್ಲಿ 18,000 ದಾಖಲೆಗಳನ್ನು ನಾಲ್ಕು ವಿಧಾನಗಳಲ್ಲಿ ಸೂಚೀಕರಿಸಿ ನೋಡಿದಾಗ ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎರಡನೆಯ ಸುತ್ತಿನಲ್ಲಿ 1,400 ದಾಖಲೆಗಳ ಮೇಲೆ ಇನ್ನೂ ಸೂಕ್ಷ್ಮವಾಗಿ ಅಳೆದಾಗ, ಲೇಖನದಿಂದಲೇ ಎತ್ತಿಕೊಂಡ ಬಿಡಿಬಿಡಿ ಪದಗಳು ಕಷ್ಟಪಟ್ಟು ಕಟ್ಟಿದ ಪದಪಟ್ಟಿಗಳನ್ನು ಹಿಂದಿಕ್ಕಿದವು. ಪರಿಣತರು ಬೆಚ್ಚಿಬಿದ್ದರು, ಇಂದಿನ ಸರ್ಚ್ ಎಂಜಿನ್‌ಗಳ ವಂಶಾವಳಿ ಈ ಫಲಿತಾಂಶಕ್ಕೆ ಹತ್ತಿರದ್ದು. ಫಲಿತಾಂಶವನ್ನು ನಾನು ಅಲ್ಲಗಳೆಯುವುದಿಲ್ಲ, ಅದು ನಡೆದ ಜಾಗವನ್ನು ಗಮನಿಸಿ ಎನ್ನುತ್ತೇನೆ. ದಾಖಲೆಗಳು ವಿಮಾನ ವಿಜ್ಞಾನದವು. ಪ್ರಶ್ನೆಗಳನ್ನು ಕೊಟ್ಟವರೂ ಅದೇ ಕ್ಷೇತ್ರದಲ್ಲಿ ಲೇಖನ ಬರೆದವರು. ಕೇಳುವವನೂ ಬರೆದವನೂ ಒಂದೇ ಓಣಿಯವರಾದರೆ ನಡುವೆ ದುಭಾಷಿ ಏಕೆ ಬೇಕು? ಬ್ಲೇರ್ ಮತ್ತು ಮ್ಯಾರನ್ನರ ವಕೀಲರದು ಆ ಸ್ಥಿತಿಯಲ್ಲ. ಬೇರೆಬೇರೆ ಕಡೆಯವರು ಬರೆದದ್ದನ್ನು, ಅದೂ ಕೆಲವೊಮ್ಮೆ ಮರೆಮಾಚಿ ಬರೆದದ್ದನ್ನು, ಅವರು ಹುಡುಕಬೇಕಿತ್ತು. ಆ ಪ್ರಯೋಗಕ್ಕೂ ತಕರಾರು ಬಂದದ್ದುಂಟು. ಮಾಹಿತಿ ಹುಡುಕಾಟದ ಹಿರಿಯ ವಿಜ್ಞಾನಿ ಜೆರಾರ್ಡ್ ಸಾಲ್ಟನ್, ಅದೇ ದಾಖಲೆಗಳಿಗೆ ಮನುಷ್ಯರು ಶೀರ್ಷಿಕೆ ಕೊಟ್ಟಿದ್ದರೆ ಹೆಚ್ಚು ಸಿಗುತ್ತಿತ್ತು ಎಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹೇಳುವುದಿಷ್ಟೇ: ಪದಪಟ್ಟಿಯ ಬೆಲೆ ಎಲ್ಲೆಡೆ ಒಂದೇ ಅಲ್ಲ. ಕೇಳುವವನಿಗೂ ಬರೆದವನಿಗೂ ದೂರ ಹೆಚ್ಚಿದಷ್ಟೂ ಅದರ ಬೆಲೆ ಏರುತ್ತದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಆ ದೂರ ಅತಿ ಹೆಚ್ಚು.

ಎರಡನೆಯ ಆಕ್ಷೇಪ: ಶೀರ್ಷಿಕೆ ಕೊಡುವವರೇ ಒಂದು ಮಾತಿಗೆ ನಿಲ್ಲುವುದಿಲ್ಲ, ಇನ್ನು ಪಟ್ಟಿಯಿಂದ ಏನು ಪ್ರಯೋಜನ? ಇದೂ ನಿಜವೇ. ಒಂದೇ ವೈದ್ಯಕೀಯ ಲೇಖನಕ್ಕೆ ಇಬ್ಬರು ತರಬೇತಾದ ಸೂಚಿಕಾರರು ಮೆಶ್ ಪದಗಳನ್ನು ಕೊಟ್ಟಾಗ ಎಷ್ಟು ತಾಳೆಯಾಗುತ್ತವೆ ಎಂದು 1983ರಲ್ಲಿ ಫಂಕ್ ಮತ್ತು ರೀಡ್ ಅಳೆದರು. ಎಲ್ಲ ಮುಖ್ಯ ಪದಗಳನ್ನೂ ಲೆಕ್ಕಕ್ಕೆ ಹಿಡಿದರೆ ಶೇಕಡಾ 48ರಷ್ಟು, ಲೇಖನದ ತಿರುಳನ್ನು ಹೇಳುವ ಪದಗಳಲ್ಲಿ ಶೇಕಡಾ 61ರಷ್ಟು ತಾಳೆ ಸಿಕ್ಕಿತು. ಅರ್ಧಕ್ಕಿಂತ ಕಡಿಮೆ ಎಂದು ನಗುವವರು ಇದನ್ನು ಫರ್ನಸ್ ಕಂಡ ಶೇಕಡಾ 20ರ ಪಕ್ಕ ಇಟ್ಟು ನೋಡಬೇಕು. ಎರಡೂ ಅಳತೆಗಳು ಒಂದೇ ರೀತಿಯವಲ್ಲವಾದ್ದರಿಂದ ಪಟ್ಟಿಯ ಲಾಭ ಇಷ್ಟೇ ಎಂದು ಕೂಡಿ ಕಳೆಯಲಾಗದು. ಆದರೆ ಪಟ್ಟಿಯಿಲ್ಲದ ಜನ ಎಷ್ಟು ಚದುರುತ್ತಾರೆ, ಪಟ್ಟಿಯಿರುವವರು ಎಷ್ಟು ಹತ್ತಿರ ಬರುತ್ತಾರೆ ಎಂಬ ಅಂದಾಜು ಅದರಲ್ಲಿದೆ. ಇಬ್ಬರು ಸೂಚಿಕಾರರ ಭಿನ್ನಮತಕ್ಕೆ ಕಾರಣ ಹೆಚ್ಚಾಗಿ ಹೆಸರಲ್ಲ, ಲೇಖನದಲ್ಲಿ ಯಾವುದು ಮುಖ್ಯ ಎಂಬ ತೀರ್ಪು. ಹೆಸರಿನ ಜಗಳವನ್ನು ಪಟ್ಟಿ ಬಗೆಹರಿಸೀತು. ತೀರ್ಪಿನ ಜಗಳವನ್ನು ಬಗೆಹರಿಸುತ್ತೇನೆಂದು ಅದು ಎಂದೂ ಹೇಳಿಲ್ಲ.

ಮೂರನೆಯದು ಇಂದಿನ ಮಾತು. ಯಂತ್ರಗಳೇ ಅರ್ಥ ಹಿಡಿಯುವಾಗ ಈ ಪಟ್ಟಿ, ಚೀಟಿ, ‘ನೋಡಿ’ಗಳ ಕಾಲ ಮುಗಿಯಲಿಲ್ಲವೇ? ಮೆಶ್ ಪದಗಳನ್ನು ಕೊಡುವ ಕೆಲಸವನ್ನೇ 2022ರಿಂದ ಯಂತ್ರಕ್ಕೆ ವಹಿಸಲಾಗಿದೆ, ಆಯ್ದ ಲೇಖನಗಳನ್ನು ಮನುಷ್ಯರು ಪರಿಶೀಲಿಸುತ್ತಾರೆ. ಆದರೆ ಆ ಯಂತ್ರ ಕಲಿತದ್ದು ದಶಕಗಳ ಕಾಲ ಮನುಷ್ಯರು ಕೊಟ್ಟ ಶೀರ್ಷಿಕೆಗಳಿಂದ, ಅದು ಕೊಡುವುದೂ ಅದೇ ಪಟ್ಟಿಯ ಪದಗಳನ್ನು. ಕೆಲಸಗಾರ ಬದಲಾದ, ಪಟ್ಟಿ ಉಳಿಯಿತು. ಅರ್ಥದ ಸಾಮೀಪ್ಯದ ಮೇಲೆ ಹುಡುಕುವ ಹೊಸ ಯಂತ್ರಗಳ ಬಲ ದೊಡ್ಡದೇ, ‘ಹೃದಯಾಘಾತ’ ಎಂದರೆ ‘ಎದೆನೋವು ಬಂದು ಸತ್ತ’ ಎಂಬ ವಾಕ್ಯವನ್ನೂ ಅವು ಹತ್ತಿರ ತಂದಾವು. ಹತ್ತಿರವಿರುವುದೆಲ್ಲ ಅದೇ ಅಲ್ಲ, ಅಷ್ಟೆ: ಬಿಳಿಜೋಳದ ಪಕ್ಕದಲ್ಲೇ ಸಜ್ಜೆಯೂ ನವಣೆಯೂ ಇರುತ್ತವೆ. ಇನ್ನೊಂದು ವಿಷಯ. ಔಷಧವೊಂದರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗುವ ಕಾಕ್ರೇನ್‌ನಂಥ ಸಂಸ್ಥೆಗಳು ಪಟ್ಟಿಯ ಪದಗಳನ್ನೂ ಪಠ್ಯದ ಬಿಡಿ ಪದಗಳನ್ನೂ ಜೋಡಿಸಿ ಹುಡುಕುತ್ತವೆ, ಬಳಸಿದ ಪದಗಳನ್ನೆಲ್ಲ ವರದಿಯಲ್ಲಿ ಪ್ರಕಟಿಸುತ್ತವೆ. ಬೇರೆಯವರು ಅದೇ ಹುಡುಕಾಟವನ್ನು ಮತ್ತೆ ಮಾಡಿ ತಪ್ಪು ಹಿಡಿಯಲಿ ಎಂಬುದೇ ಉದ್ದೇಶ. ಒಳಗಿನ ಲೆಕ್ಕ ಹೇಳದ ಯಂತ್ರದಲ್ಲಿ ಆ ಪರೀಕ್ಷೆ ಕಷ್ಟ. ಗ್ರಂಥಾಲಯದ ಮಾತಿಗೇ ಬಂದರೆ, ಟೀನಾ ಗ್ರಾಸ್ ಮತ್ತು ಆರ್ಲೀನ್ ಟೇಲರ್ 2005ರಲ್ಲಿ ಒಂದು ಸರಳ ಲೆಕ್ಕ ಮಾಡಿದರು: ಕ್ಯಾಟಲಾಗಿನಲ್ಲಿ ಕೀವರ್ಡ್ ಹಾಕಿದಾಗ ಸಿಗುವ ಪುಸ್ತಕಗಳಲ್ಲಿ ಎಷ್ಟು, ಆ ಪದ ವಿಷಯ ಶೀರ್ಷಿಕೆಯಲ್ಲಿ ಇರುವ ಕಾರಣಕ್ಕಷ್ಟೇ ಸಿಕ್ಕವು? ಸರಾಸರಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ನಮಗೆ ಶೀರ್ಷಿಕೆ ಬೇಡ, ಕೀವರ್ಡ್ ಸಾಕು ಎನ್ನುವವರು ತಮಗೆ ಗೊತ್ತಿಲ್ಲದೆಯೇ ಶೀರ್ಷಿಕೆಯ ಅನ್ನ ಉಣ್ಣುತ್ತಿರುತ್ತಾರೆ. ವಿದೇಶದ ಗ್ರಂಥಾಲಯದಲ್ಲಿರುವ ಕನ್ನಡ ಪುಸ್ತಕದ ಹೆಸರು ರೋಮನ್ ಲಿಪಿಗೆ ಇಳಿದ ಮೇಲೆ, ಕನ್ನಡ ಬಾರದ ಸಂಶೋಧಕನಿಗೆ ಅದು ಸಿಗುವುದು ಇಂಗ್ಲಿಷ್ ಶೀರ್ಷಿಕೆಯೊಂದರಿಂದಲೇ.

ನಾಲ್ಕನೆಯ ಆಕ್ಷೇಪ ನೈತಿಕವಾದದ್ದು. ಹೆಸರಿಡುವ ಅಧಿಕಾರ ಯಾರದು? ಜಾಂಬಿಯಾದ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕನ್ ಗ್ರಂಥಪಾಲಕ ಸ್ಯಾನ್‌ಫೋರ್ಡ್ ಬರ್ಮನ್, ಅಲ್ಲಿನ ಕರಿಯರಿಗೆ ಬೈಗುಳವಾಗಿದ್ದ ‘ಕಾಫಿರ್’ ಎಂಬ ಪದ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಯಲ್ಲಿ ಅಧಿಕೃತ ಶೀರ್ಷಿಕೆಯಾಗಿ ಕೂತಿರುವುದನ್ನು ಕಂಡರು. 1971ರಲ್ಲಿ ಅವರು ಬರೆದ ಪುಸ್ತಕ ಆ ಪಟ್ಟಿಯಲ್ಲಿನ ಜನಾಂಗ, ಧರ್ಮ, ಹೆಂಗಸರ ಕುರಿತ ಪೂರ್ವಗ್ರಹಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು. ಅವರು ಕೇಳಿದ ಬದಲಾವಣೆಗಳಲ್ಲಿ ಬಹುಪಾಲು ನಿಧಾನವಾಗಿಯಾದರೂ ನಡೆದವು. 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ‘ಇಲ್ಲೀಗಲ್ ಏಲಿಯನ್ಸ್’ (ಅಕ್ರಮ ಪರಕೀಯರು) ಎಂಬ ಶೀರ್ಷಿಕೆಯ ವಿರುದ್ಧ ಎದ್ದರು. ಬದಲಿಸುತ್ತೇವೆಂದು ಲೈಬ್ರರಿ ಆಫ್ ಕಾಂಗ್ರೆಸ್ 2016ರಲ್ಲಿ ಒಪ್ಪಿದಾಗ ಅಮೆರಿಕದ ಸಂಸತ್ತೇ ಅಡ್ಡ ಬಂತು. ಕೊನೆಗೆ 2021ರ ನವೆಂಬರಿನಲ್ಲಿ ಆ ಪದ ಹೋಗಿ ‘ಪೌರರಲ್ಲದವರು’, ‘ಅಕ್ರಮ ವಲಸೆ’ ಎಂಬ ಅರ್ಥದ ಪದಗಳು ಬಂದವು. ಪಟ್ಟಿ ಅಧಿಕಾರಸ್ಥರ ಕಣ್ಣಿನಿಂದ ಲೋಕವನ್ನು ನೋಡುತ್ತದೆ ಎಂಬ ದೂರು ಸರಿ. ಆದರೆ ಈ ಜಗಳ ನಡೆಯಲು ಸಾಧ್ಯವಾದದ್ದು ಆ ಪದಕ್ಕೆ ಒಂದು ವಿಳಾಸ ಇದ್ದದ್ದರಿಂದ. ಅರ್ಜಿ ಯಾರಿಗೆ ಕೊಡಬೇಕು, ಯಾವ ಸಾಲು ತಿದ್ದಬೇಕು ಎಂಬುದು ಗೊತ್ತಿತ್ತು. ಕೋಟ್ಯಂತರ ಪುಟಗಳಲ್ಲಿ ಹರಡಿದ ಪೂರ್ವಗ್ರಹವನ್ನು ಹೀರಿ ಉತ್ತರ ಕೊಡುವ ಯಂತ್ರದ ವಿರುದ್ಧ ಇಂಥ ಅರ್ಜಿ ಬರೆಯುವುದು ಹೇಗೆ?

ನಮ್ಮಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ, ಇಲ್ಲಿಯೇ ಸೋತ ಪದಗಳ ವಿಚಾರ ಅತಿ ಕಷ್ಟದ ತಿರುವಿಗೆ ಬರುತ್ತದೆ. ದಲಿತರ ಇತಿಹಾಸ ಹುಡುಕುವ ವಿದ್ಯಾರ್ಥಿಯೊಬ್ಬಳು ಇಂದಿನ ಪದವೊಂದನ್ನೇ ಹಿಡಿದು ಹೊರಟರೆ ಇಪ್ಪತ್ತನೆಯ ಶತಮಾನದ ಮೊದಲರ್ಧ ಅವಳಿಗೆ ಹೆಚ್ಚುಕಡಿಮೆ ಕತ್ತಲು. ಆ ಕಾಲದ ಗೆಜೆಟಿಯರು, ಸರ್ಕಾರಿ ವರದಿ, ಪತ್ರಿಕೆಗಳಲ್ಲಿ ಇರುವುದು ಪಂಚಮರು, ಅಂತ್ಯಜರು, ಆದಿ ಕರ್ನಾಟಕರು, ನಿಮ್ನ ವರ್ಗ, ಹರಿಜನ ಮುಂತಾದ ಹೆಸರುಗಳು. ಪರಿಶಿಷ್ಟ ಜಾತಿ ಎಂಬ ಆಡಳಿತದ ವರ್ಗ ಕಾನೂನಿನ ಭಾಷೆಗೆ ಬಂದದ್ದು 1935ರ ಭಾರತ ಸರ್ಕಾರ ಕಾಯ್ದೆಯಿಂದ. ಕೆಲವು ಜಾತಿಸೂಚಕ ಪದಗಳನ್ನು ಇಂದು ಅವಮಾನಿಸಲು ಬಳಸಿದರೆ ಅದು ಅಪರಾಧ. ಕ್ಯಾಟಲಾಗಿನಿಂದ ಇವನ್ನೆಲ್ಲ ಅಳಿಸಿಹಾಕುವುದು ಸುಲಭ, ನೋಡಲು ಸಭ್ಯವೂ ಹೌದು. ಹಾಗೆ ಮಾಡಿದರೆ ಅವಮಾನದ ಪುರಾವೆಯೇ ಅವಮಾನಿತರ ಮೊಮ್ಮಕ್ಕಳಿಗೆ ಸಿಗದೆ ಹೋಗುತ್ತದೆ. ಇವುಗಳ ವ್ಯಾಪ್ತಿಯೂ ಒಂದೇ ಅಲ್ಲ: ಆದಿ ಕರ್ನಾಟಕರು ಎಂದರೆ ದಲಿತರೆಲ್ಲರೂ ಅಲ್ಲ, ಪರಿಶಿಷ್ಟ ಜಾತಿಯ ಸರ್ಕಾರಿ ಪಟ್ಟಿಯೂ ದಲಿತ ಎಂಬ ರಾಜಕೀಯ ಹೆಸರೂ ಪೂರ್ತಿ ಒಂದರ ಮೇಲೊಂದು ಕೂರುವುದಿಲ್ಲ. ಆದ್ದರಿಂದ ಕೆಲವಕ್ಕೆ ‘ನೋಡಿ’ ಸಾಕು, ಕೆಲವಕ್ಕೆ ‘ಇದನ್ನೂ ನೋಡಿ’ ಬೇಕು, ಈ ಪದ ಯಾವ ಕಾಲದ ದಾಖಲೆಗಳಲ್ಲಿ ಯಾವ ಅರ್ಥದಲ್ಲಿದೆ ಎಂಬ ಎರಡು ಸಾಲಿನ ಟಿಪ್ಪಣಿಯೂ ಬೇಕು. ಗೆಲ್ಲುವ ಪದ ಆ ಸಮುದಾಯ ತಾನೇ ತನಗೆ ಇಟ್ಟುಕೊಂಡದ್ದಾಗಿರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸೋತ ಪದ ಮಾತ್ರ ಪರದೆಯ ಮೇಲೆ ಮೆರೆಯದೆ, ಹುಡುಕಿದವರಿಗೆ ದಾರಿ ತೋರುವಷ್ಟಕ್ಕೆ ಒಳಗಿರಲಿ.

ಕನ್ನಡಕ್ಕೆ ಇಂಥ ಪಟ್ಟಿಯ ಅಗತ್ಯ ಇಂಗ್ಲಿಷಿಗಿಂತ ಹೆಚ್ಚು ಎಂದೇ ನನ್ನ ವಾದ, ಏಕೆಂದರೆ ಅಕ್ಷರ ಹೋಲಿಸಿ ಹುಡುಕುವ ಯಂತ್ರ ಕನ್ನಡದಲ್ಲಿ ಇನ್ನೂ ಬೇಗ ಎಡವುತ್ತದೆ. ಜೋಳ, ಜೋಳದ, ಜೋಳಕ್ಕೆ, ಜೋಳವನ್ನು ಎಂದು ಪದದ ಬಾಲ ಬದಲಾಗುತ್ತದೆ. ‘ಮುಸುಕಿನ ಜೋಳ’ವನ್ನು ಒಬ್ಬರು ಬಿಡಿಸಿ ಬರೆದರೆ ಇನ್ನೊಬ್ಬರು ಕೂಡಿಸಿ ಬರೆಯುತ್ತಾರೆ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಅಕ್ಷರ ಜೋಡಿಸಿದ ಕಡತಗಳಲ್ಲಿ ಯಂತ್ರಕ್ಕೆ ಕಾಣುವುದು ಕನ್ನಡವೇ ಅಲ್ಲ. ವಿಜ್ಞಾನದ ಪುಸ್ತಕಗಳಲ್ಲಿ ಪಾರಿಭಾಷಿಕಗಳ ಗೊಂದಲ ಬೇರೆ. ಪಠ್ಯಪುಸ್ತಕದಲ್ಲಿ ಪರಮಾಣುಗಳು ಸೇರಿ ಆದದ್ದು ಅಣು. ಪತ್ರಿಕೆಯಲ್ಲಿ ಅಣುಬಾಂಬು, ಅಣುಶಕ್ತಿ, ಅಣುಸ್ಥಾವರ ಎಂದಾಗ ಅದೇ ಪದಕ್ಕೆ ಬೇರೆ ಅರ್ಥ. ಕೈಗಾ ಸ್ಥಾವರದ ಮೇಲಿನ ಪುಸ್ತಕವನ್ನು ರಸಾಯನಶಾಸ್ತ್ರದ ಅಣುಗಳ ಸಾಲಿಗೆ ಸೇರಿಸುವ ಯಂತ್ರವನ್ನು ದೂರಿ ಫಲವಿಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಪುಸ್ತಕಗಳನ್ನು ಕಪಾಟಿಗೆ ಜೋಡಿಸುವ ಅಂಕಿಗಳ ಶಿಸ್ತು ನಮ್ಮಲ್ಲಿ ಆಗಲೇ ಇತ್ತು, ಅದರ ಜೊತೆಗೆ ಕನ್ನಡದ್ದೇ ಪದಗಳ ಶಿಸ್ತು ಬೆಳೆಯಬೇಕಿತ್ತು. ಕನ್ನಡ ಪುಸ್ತಕಕ್ಕೆ ಇಂಗ್ಲಿಷ್ ಶೀರ್ಷಿಕೆ ಹಚ್ಚಿದರೆ ಪರಊರಿನ ಸಂಶೋಧಕನಿಗೆ ಅನುಕೂಲ, ಊರಿನ ಓದುಗನಿಗೆ ಅಲ್ಲ.

ಕನ್ನಡದ ಪಟ್ಟಿಯನ್ನು ಸೊನ್ನೆಯಿಂದ ಶುರುಮಾಡಬೇಕಿಲ್ಲ. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಒಂದು ವಸ್ತುವಿಗೆ ಒಂದು ಸಂಖ್ಯೆ ಕೊಟ್ಟು, ಅದರಡಿ ಹಲವು ಭಾಷೆಗಳ ಮುಖ್ಯ ಹೆಸರನ್ನೂ ಪರ್ಯಾಯ ಹೆಸರುಗಳನ್ನೂ ಕಟ್ಟಿಡುವ ಏರ್ಪಾಡು ಇದೆ. ಕನ್ನಡಕ್ಕೂ ಅಲ್ಲಿ ಜಾಗವಿದೆ, ಯಾರು ಬೇಕಾದರೂ ಸೇರಿಸಬಹುದು. ವಸ್ತುವಿಗೆ ಸಂಖ್ಯೆಯೇ ನಿಜವಾದ ಹೆಸರಾದರೆ ಯಾವ ಪದ ಗೆಲ್ಲಬೇಕೆಂಬ ಜಗಳದ ಬಿಸಿಯೂ ತಗ್ಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ತನ್ನ ಪಟ್ಟಿಗೆ ಹೊರಗಿನ ಗ್ರಂಥಾಲಯಗಳಿಂದ ಹೊಸ ಶೀರ್ಷಿಕೆಗಳ ಪ್ರಸ್ತಾವ ಪಡೆಯುತ್ತದೆ, ಎಲ್ಲವನ್ನೂ ವಾಷಿಂಗ್ಟನ್ನಿನಲ್ಲೇ ಕೂತು ಹೊಸೆಯುವುದಿಲ್ಲ. ಗೆಲ್ಲುವ ಪದಗಳನ್ನು ವಿದ್ವಾಂಸರ ಸಮಿತಿಯೊಂದು ನಿರ್ಧರಿಸಲಿ. ಸೋಲುವ ಪದಗಳು ಮಾತ್ರ ಸಮಿತಿಗೆ ಹೊಳೆಯುವುದಿಲ್ಲ, ಅವು ಓದುಗರ ಬಾಯಲ್ಲಿ ಇರುತ್ತವೆ. ಕಂಪ್ಯೂಟರ್ ಕ್ಯಾಟಲಾಗ್ ಇರುವ ಗ್ರಂಥಾಲಯಗಳಲ್ಲಿ ಜನ ಟೈಪಿಸಿ ‘ಫಲಿತಾಂಶ ಇಲ್ಲ’ ಎಂದು ನೋಡಿ ಎದ್ದುಹೋದ ಪದಗಳನ್ನು ಯಂತ್ರ ದಾಖಲಿಸಿಡಬಲ್ಲದು. ಆ ದಾಖಲೆಯನ್ನು ತಿಂಗಳಿಗೊಮ್ಮೆ ತೆಗೆದು, ಯಾರು ಹುಡುಕಿದರು ಎಂಬುದನ್ನು ಅಳಿಸಿ, ಏನು ಹುಡುಕಿದರು ಎಂಬುದನ್ನಷ್ಟೇ ಉಳಿಸಿಕೊಂಡರೆ, ಬೀದರಿನ ರೈತ ಒಂದು ರೋಗವನ್ನು ಏನೆಂದು ಕರೆದ, ಸುಳ್ಯದ ಹುಡುಗಿ ಒಂದು ಹಕ್ಕಿಯನ್ನು ಏನೆಂದು ಕೇಳಿದಳು ಎಂಬುದು ಅಲ್ಲಿ ಸಿಗುತ್ತದೆ. ಅದರಲ್ಲಿ ಕಾಗುಣಿತದ ತಪ್ಪುಗಳು ರಾಶಿ ಇರುತ್ತವೆ, ಸಿನಿಮಾ ನಟರ ಹೆಸರುಗಳೂ ಇರುತ್ತವೆ. ಅವನ್ನು ಜರಡಿ ಹಿಡಿದ ಮೇಲೆ ಉಳಿಯುವ ಪದಗಳಿಗೆ ಒಂದೊಂದು ‘ನೋಡಿ’ ಹಾಕುತ್ತ ಹೋಗಬೇಕು.